ಹಿಂದಿನ ಕೋಣೆಗೆ ಮುಟ್ಟದ ಒಗ್ಗರಣೆ

ನಮ್ಮೂರಲ್ಲಿ ಒಗ್ಗರಣೆ ಚಟಪಟ ಅನ್ನದೆ ನೆಟ್ಟು, ಅಂದರೆ ಇಂಟರ್ನೆಟ್ಟು, ಬರುವುದಿಲ್ಲ. ಹೊರಗಿನಿಂದ ಬಂದ ನೆಂಟರು ಇದನ್ನು ಕೇಳಿ ನಗುತ್ತಾರೆ. ನಗಲಿ ಬಿಡಿ. ಅವರ ಊರುಗಳಲ್ಲಿ ನೆಟ್ಟಿಗೆಂದು ಕಬ್ಬಿಣದ ಗೋಪುರ ಕಟ್ಟುತ್ತಾರಂತೆ, ಅದನ್ನು ಕೇಳಿ ನಾವೂ ನಗುತ್ತೇವೆ. ಇಲ್ಲಿ ಎಣ್ಣೆ ಕಾಯಬೇಕು, ಸಾಸಿವೆ ಸಿಡಿಯಬೇಕು, ಆ ಘಮ ಎಲ್ಲಿಯವರೆಗೆ ಹೋಗುತ್ತದೋ ನೆಟ್ಟು ಅಲ್ಲಿಯವರೆಗೆ. ಘಮ ಆರಿದರೆ ನೆಟ್ಟೂ ಆರಿತು. ಸುಮ್ಮನೆ ಬಾಣಲೆಯಲ್ಲಿ ಸಿಡಿಸಿ ಕೈಬಿಟ್ಟರೆ ಆಗದು. ಸಾರಿಗೋ ಪಲ್ಯಕ್ಕೋ ಮಜ್ಜಿಗೆಗೋ ಬಿದ್ದು ಚುಂಯ್ ಅನ್ನಬೇಕು. ಬ್ಯಾಂಕಿನಲ್ಲಿ ಕೌಂಟರಿನ ಪಕ್ಕಕ್ಕೇ ಒಂದು ಸ್ಟೌ ಇದೆ, ಅಲ್ಲೊಬ್ಬಳು ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೆ ಚಿತ್ರಾನ್ನ ಕಲಸುತ್ತಲೇ ಇರುತ್ತಾಳೆ. ಪರೀಕ್ಷೆಯ ಫಲಿತಾಂಶ ಬರುವ ದಿನ ಊರಿಗೆ ಊರೇ ಕೆಮ್ಮುತ್ತದೆ. ಏಕಾದಶಿಯ ದಿನ ನಮ್ಮ ಬೀದಿಗೆ ಯಾರೂ ಮೆಸೇಜು ಕಳಿಸುವುದಿಲ್ಲ, ಮುಟ್ಟುವುದಿಲ್ಲ ಎಂದು ಗೊತ್ತು. ಸಾವಾದ ಮನೆಯಲ್ಲಿ ಒಗ್ಗರಣೆ ಹಾಕಬಾರದಲ್ಲ, ಹಾಗಾಗಿ ಸಾವಿನ ಸುದ್ದಿಯನ್ನು ಇವತ್ತಿಗೂ ಕಾಲ್ನಡಿಗೆಯಲ್ಲೇ ಹೋಗಿ ಹೇಳುತ್ತೇವೆ.

ನೆಟ್ಟಿನಲ್ಲೂ ಮೇಲುಕೀಳು ಇದೆ. ಬರೀ ಸಾಸಿವೆ, ಕರಿಬೇವು ಆದರೆ ಒಂದು ಕೋಣೆ ದಾಟುತ್ತದೆ. ಚಿಟಿಕೆ ಇಂಗು ಬಿದ್ದರೆ ಹಜಾರದವರೆಗೆ ಹೋಗುತ್ತದೆ. ತುಪ್ಪದಲ್ಲಿ ಜೀರಿಗೆ ಸಿಡಿಸಿದರೆ ವೇಗ ಚೆನ್ನ, ದೂರ ಕಡಿಮೆ. ಒಣಮೆಣಸಿನಕಾಯಿ ದೂರ ಹೋಗುತ್ತದೆ ನಿಜ, ಆದರೆ ಫೋನು ಹಿಡಿದವನೂ ಕೆಮ್ಮುತ್ತಾ ದೂರ ಹೋಗುತ್ತಾನೆ. ಇದೆಲ್ಲದರ ಅಪ್ಪ ಬೆಳ್ಳುಳ್ಳಿ. ಜಜ್ಜಿದ ಬೆಳ್ಳುಳ್ಳಿ ಕೆಂಪಗಾಗಿ ಸಾರಿಗೆ ಬಿತ್ತೆಂದರೆ ಹಜಾರ, ಅಟ್ಟ, ಬಚ್ಚಲು, ಹಿತ್ತಲು ಎಲ್ಲ ಕಡೆಯೂ ನೆಟ್ಟು, ಅದೂ ಸಂಜೆಯವರೆಗೆ. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಇಲ್ಲ. ಈರುಳ್ಳಿಯೂ ಇಲ್ಲ. ಮದುವೆಯಾಗಿ ಬಂದ ದಿನ ಅತ್ತೆ ನನ್ನನ್ನು ಅಡುಗೆಮನೆಯ ಹೊಸಿಲಲ್ಲಿ ನಿಲ್ಲಿಸಿ ಹೇಳಿದ ಮೊದಲ ಮಾತೇ ಅದು. ಅದಾದ ಮೇಲೆ ಹೆಸರು ಕೇಳಿದರು. ಹಾಗಾಗಿ ನಮ್ಮ ಮನೆಯ ನೆಟ್ಟು ಯಾವತ್ತೂ ಮಡಿ ನೆಟ್ಟು. ಶುದ್ಧ, ಆದರೆ ನಿತ್ರಾಣ.

ನಮ್ಮವರು, ಅಂದರೆ ರಘೋತ್ತಮರಾಯರು, ನಿವೃತ್ತರಾದ ಮೇಲೆ ಒಂದು ಹುಚ್ಚು ಹಚ್ಚಿಕೊಂಡರು. ತೀರಿಹೋದ ಮಾವನವರ ಹಾಡುಗಾರಿಕೆಯನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬುವ ಹುಚ್ಚು. ಮಾವ ಬಿಂದುಮಾಧವರಾಯರು ದೊಡ್ಡ ಹಾಡುಗಾರರು. ಊರಿನಲ್ಲಿ ಅವರಷ್ಟು ಹೊತ್ತು ಆಲಾಪನೆ ಮಾಡಿದವರು ಇನ್ನೊಬ್ಬರಿಲ್ಲ, ಕೇಳಿದವರೂ ಇನ್ನೊಬ್ಬರಿಲ್ಲ. ಶಿಷ್ಯರು ತುಂಬಿಸಿಟ್ಟ ಕ್ಯಾಸೆಟ್ಟುಗಳು ಅಟ್ಟದ ಮೇಲೆ ಬೂಷ್ಟು ಹಿಡಿದು ಕೂತಿದ್ದವು. ಇವರು ಒಂದೊಂದನ್ನೂ ಒರೆಸಿ, ಹಳೆಯ ಟೇಪ್‌ರೆಕಾರ್ಡರಿನಲ್ಲಿ ಓಡಿಸಿ, ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಆ ಕರಿ ಪೆಟ್ಟಿಗೆಗೆ ಸೇರಿಸಿದರು. ಟೇಪ್‌ರೆಕಾರ್ಡರು ಕೊನೆಯ ಕ್ಯಾಸೆಟ್ಟನ್ನು ನುಂಗಿ ತಾನೂ ಸತ್ತಿತು. ಪೆಟ್ಟಿಗೆಯನ್ನು ಇವರು ಸರ್ವರ್ ಅನ್ನುತ್ತಾರೆ. ಅದಕ್ಕೆ ಬಾಯಿಲ್ಲ. ಹಾಡೆಲ್ಲ ಹೊಟ್ಟೆಯಲ್ಲಿ. ಸ್ಪೀಕರಿಗೆ ಬಾಯಿದೆ, ಹೊಟ್ಟೆಯಿಲ್ಲ. ಎರಡರ ಮಧ್ಯೆ ಮಾತುಕತೆ ನಡೆಸಲು ನೆಟ್ಟು ಬೇಕು. ವೈರು ಎಳೆದರೂ ಅಷ್ಟೇ, ನಮ್ಮೂರಲ್ಲಿ ವೈರೂ ವಾಸನೆ ಹಿಡಿದೇ ಓಡುವುದು.

ಹಜಾರದಲ್ಲಿ ಇಟ್ಟಾಗ ಎಲ್ಲ ಸರಿಯಿತ್ತು. ನಾನು ಸಾರಿಗೆ ಇಂಗಿನ ಒಗ್ಗರಣೆ ಹಾಕುವುದು, ಮಾವನವರು ಒಂದಿಷ್ಟು ತೋಡಿ ರಾಗ ಹಾಡುವುದು, ಘಮ ಆರುತ್ತಲೇ ಗಪ್‌ಚಿಪ್ ಆಗುವುದು. ನನಗೆ ಅಷ್ಟೇ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ತೊಂದರೆ ಶುರುವಾದದ್ದು ಅತ್ತೆ ಹಾಸಿಗೆ ಹಿಡಿದ ಮೇಲೆ.

ಅತ್ತೆ ಕೃಷ್ಣವೇಣಮ್ಮನವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಮೂಳೆ ಕೂಡಿತು, ಮನಸ್ಸು ಕೂಡಲಿಲ್ಲ. ಬಚ್ಚಲಿಗೆ ಹತ್ತಿರವಾಗಲಿ ಎಂದು ಅವರನ್ನು ಮನೆಯ ಕಟ್ಟಕಡೆಯ ಕೋಣೆಗೆ ಸಾಗಿಸಿದೆವು. ಅಲ್ಲಿ ಗೋಡೆಯ ಕಡೆ ತಿರುಗಿ ಮಲಗಿದವರು ಊಟ ಬಿಟ್ಟರು. ಗಂಜಿ ಕೊಟ್ಟರೆ ಎರಡು ಚಮಚ, ಆಮೇಲೆ ತುಟಿ ಬಿಗಿ. "ಸಾಕು" ಅನ್ನುವುದೊಂದೇ ಮಾತು. ನನಗೂ ಅತ್ತೆಗೂ ಹಾಲುಸಕ್ಕರೆಯ ಹಾಗೆ ಹೊಂದಿಕೆಯಿತ್ತು ಎಂದೇನೂ ಹೇಳುವುದಿಲ್ಲ. ನಾನು ಹೆಚ್ಚಿದ ಹುರಳೀಕಾಯಿ ದಪ್ಪವಾಯಿತೆಂದು ಒಂದು ವಾರ ಮುಖ ಊದಿಸಿಕೊಂಡ ಹೆಂಗಸು ಅದು. ಆದರೆ ಈಗ ದಪ್ಪ ಹೆಚ್ಚಿದರೂ ಕೇಳುವವರಿಲ್ಲ, ಸಣ್ಣ ಹೆಚ್ಚಿದರೂ ಕೇಳುವವರಿಲ್ಲ. ಮನೆ ಬಿಕೋ ಅನ್ನುತ್ತಿತ್ತು. ಡಾಕ್ಟರು ಬಂದು ನೋಡಿದರು. "ಕಾಯಿಲೆ ಅಂತ ಏನೂ ಇಲ್ಲ ರಾಯರೇ. ಹೊಟ್ಟೆಗೆ ಬೀಳ್ಬೇಕು. ಹೀಗೇ ಆದ್ರೆ ಜೀವ ಹೆಚ್ಚು ದಿನ ತಡೆಯಲ್ಲ" ಅಂದರು. ಹೋಗುವಾಗ ಬಾಗಿಲಲ್ಲಿ ನಿಂತು, ಎದೆ ಸೂಕ್ಷ್ಮ ಇದೆ, ಹೊಗೆ ಗಿಗೆ ಹತ್ತಿರ ಸುಳಿಯಕೂಡದು ಎಂದೂ ಹೇಳಿದರು.

ಅವತ್ತೇ ನಮ್ಮವರಿಗೆ ಜ್ಞಾನೋದಯವಾಯಿತು. "ವಾರಿಜಾ, ನಂಗೆ ಹೊಳೀತು ಕಣೆ" ಎಂದು ಅಡುಗೆಮನೆಗೆ ಬಂದರು. "ಅಪ್ಪ ಹಾಡಿ ಮುಗಿಸಿದ ಮೇಲೇನೇ ಅಮ್ಮ ಊಟಕ್ಕೆ ಕೂತ್ಕೊಳ್ತಿದ್ದಿದ್ದು. ನಾನು ಚಿಕ್ಕಂದಿನಿಂದ ನೋಡಿದೀನಿ. ಪೂಜೆ ಆಗಬೇಕು, ಅಪ್ಪ ತಂಬೂರಿ ಹಿಡೀಬೇಕು, ಹಾಡಬೇಕು. ಅದಾಗದೆ ಅಮ್ಮ ಒಂದು ಅಗುಳು ಬಾಯಿಗೆ ಹಾಕ್ತಿರಲಿಲ್ಲ. ಆ ಹಾಡು ಕಿವಿಗೆ ಬೀಳದೆ ಈಗ ಹಸಿವೇ ಆಗ್ತಿಲ್ಲ. ಅಪ್ಪನ ತೋಡಿ ಕೇಳಿಸಿದರೆ ತಾನಾಗಿ ಎದ್ದು ಊಟ ಮಾಡ್ತಾಳೆ, ನೋಡ್ತಿರು."

ಹಾಡು ಕೇಳಿ ಹಸಿವಾದವರನ್ನು ನಾನಂತೂ ಕಂಡಿಲ್ಲ. ಮಾವನವರ ಹಾಡು ಕೇಳಿ ಎದ್ದುಹೋದವರನ್ನು ಬೇಕಾದಷ್ಟು ಕಂಡಿದ್ದೇನೆ. ಆದರೆ ಈ ಮನುಷ್ಯನ ಕಣ್ಣಲ್ಲಿ ಬಹಳ ದಿನದ ಮೇಲೆ ಒಂದು ಬೆಳಕು ಕಂಡಿತ್ತು. ತಾಯಿಯನ್ನು ಉಳಿಸಿಕೊಳ್ಳಬೇಕು ಅನ್ನುವವನಿಗೆ ಅಡ್ಡಮಾತು ಹೇಳಲು ನನಗೆ ಬಾಯಿ ಬರಲಿಲ್ಲ.

ಹೊಸ ಸ್ಪೀಕರನ್ನು ಅತ್ತೆಯ ತಲೆದೆಸೆಯಲ್ಲಿ ಇಟ್ಟರು. ನಾನು ಇಂಗು ಹಾಕಿದೆ. ಹಜಾರದಲ್ಲಿ ಪೆಟ್ಟಿಗೆಯ ಹಸಿರು ದೀಪ ಹತ್ತಿತು, ಹಿಂದಿನ ಕೋಣೆಯಲ್ಲಿ ಸ್ಪೀಕರಿನದು ಕೆಂಪಗೆ ಮಿಟುಕುತ್ತಾ ಕೂತಿತು. ಫೋನಿನಲ್ಲಿ "ಸ್ಪೀಕರ್ ಸಿಗುತ್ತಿಲ್ಲ" ಎಂದು ಬಂತು. ಎಲ್ಲವನ್ನೂ ಆರಿಸಿ ಹತ್ತಿಸಿದರು. ನಾನೂ ಒಲೆ ಆರಿಸಿ ಹತ್ತಿಸಿದೆ. ಪಲ್ಯಕ್ಕೆ ಒಂದು ಒಗ್ಗರಣೆ, ಮಜ್ಜಿಗೆಗೆ ಒಂದು, ಕೊನೆಗೆ ಹಿಂದಿನ ದಿನದ ಅನ್ನಕ್ಕೂ ಒಂದು. ಕೆಂಪು ದೀಪ ಕೆಂಪಾಗಿಯೇ ಉಳಿಯಿತು. "ಪೆಟ್ಟಿಗೇನೇ ಅತ್ತೆ ಕೋಣೆಗೆ ತಂದಿಡಿ, ರೀ" ಅಂದೆ. ತಂದಿಟ್ಟರು. ಆಗ ಪೆಟ್ಟಿಗೆಯೂ ಕೆಂಪು ಕಣ್ಣು ಬಿಟ್ಟಿತು. ಅಲ್ಲಿಗೆ ಘಮ ಮುಟ್ಟಿದರಲ್ಲವೆ!

ಆಮೇಲೆ ಇವರು ಇನ್ನೊಂದು ಕಾರಣ ಕಂಡುಹಿಡಿದರು. ಪ್ರತಿ ಒಗ್ಗರಣೆಗೂ ಪೆಟ್ಟಿಗೆಗೆ ಹೊಸ ವಿಳಾಸ ಸಿಗುತ್ತದಂತೆ. ಸ್ಪೀಕರು ಪಾಪ ಹಳೆಯ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟುತ್ತದಂತೆ. "ಬಾಡಿಗೆಮನೆಯವರ ಹಾಗಾಯ್ತು ಬಿಡಿ" ಅಂದೆ. ಇವರು ಕನ್ನಡಕ ಹಾಕಿಕೊಂಡು ಕೂತು ಪೆಟ್ಟಿಗೆಗೆ ಒಂದು ಖಾಯಂ ವಿಳಾಸ ಬರೆದರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ವಿಳಾಸ ಖಾಯಂ ಆಯಿತು, ಮನೆ ತಲುಪುವ ದಾರಿ ಮಾತ್ರ ಇರಲಿಲ್ಲ.

ನೆಟ್ಟಿನ ಕಚೇರಿಯಿಂದ ಲೋಕನಾಥನನ್ನು ಕರೆಸಿದೆವು. ಅವನು ಸೀದಾ ಅಡುಗೆಮನೆಗೆ ಬಂದು, ಡಬ್ಬಿಗಳ ಮುಚ್ಚಳ ತೆಗೆದು ಒಂದೊಂದನ್ನೇ ಮೂಸಿದ. "ಅಮ್ಮಾ, ಸಾಸಿವೆ ಹಳೇದು" ಅಂದ. ನನಗೆ ಮೈಯೆಲ್ಲ ಉರಿಯಿತು. ಮೊನ್ನೆ ತಾನೇ ತಂದು ಆರಿಸಿ ಬಿಸಿಲಿಗಿಟ್ಟ ಸಾಸಿವೆ ಅದು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಿಂಗೆ ಕೈಲಾಗದಿದ್ರೆ ಹೇಳು, ನನ್ನ ಸಾಸಿವೆ ಮೇಲೆ ಯಾಕೆ ಹಾಕ್ತೀಯ?" ಎಂದು ಜಾಡಿಸಿದೆ. ಅವನು ಎಣ್ಣೆಗೆ ಬಂದ, ಕರಿಬೇವಿಗೆ ಬಂದ, ಬಾಣಲೆಯ ತಳಕ್ಕೂ ಬಂದ. ಎಲ್ಲ ಮುಗಿದ ಮೇಲೆ ನಮ್ಮವರ ಕಿವಿಯ ಹತ್ತಿರ ಹೋಗಿ ಮೆಲ್ಲಗೆ, "ಸಾರ್, ನಾಲ್ಕೇ ನಾಲ್ಕು ಎಸಳು ಬೆಳ್ಳುಳ್ಳಿ..." ಅಂದ. ನಮ್ಮವರು ಎದ್ದು ನಿಂತು ಅವನ ಚಪ್ಪಲಿಯನ್ನು ತೋರಿಸಿದರು. ಅವನೂ ಸೂಕ್ಷ್ಮ ತಿಳಿದವನು, ಹಾಕಿಕೊಂಡು ಹೋದ.

ಮುಂದಿನದು ಸ್ವಂತ ಬುದ್ಧಿ. ನಡುಮನೆಯಲ್ಲಿ ಎರಡನೆಯ ಸ್ಟೌ ಹೂಡಿದೆವು. ಅಡುಗೆಮನೆಯಲ್ಲಿ ನಾನು ಒಗ್ಗರಣೆ ಹಾಕುತ್ತಲೇ ನಡುಮನೆಯಲ್ಲಿ ಇವರು ಹಾಕಬೇಕು, ಒಂದರ ಬಾಲ ಹಿಡಿದು ಇನ್ನೊಂದು ಹಿಂದಿನ ಕೋಣೆ ತಲುಪಬೇಕು ಎಂಬುದು ಲೆಕ್ಕಾಚಾರ. ಹುಟ್ಟಿದಾರಭ್ಯ ಸೌಟು ಹಿಡಿಯದ ಮನುಷ್ಯ, ಸಾಸಿವೆ ಸಿಡಿದದ್ದೇ ಹಿಂದಕ್ಕೆ ನೆಗೆದರು. ಆದರೂ ಒಂದು ಸಲ, ಒಂದೇ ಒಂದು ಸಲ, ಲೆಕ್ಕ ಕೂಡಿತು. ಹಿಂದಿನ ಕೋಣೆಯಲ್ಲಿ ದೀಪ ಹಸಿರಾಯಿತು. ತಂಬೂರಿ ಝೇಂಕರಿಸಿತು. ಮಾವನವರು ಗಂಟಲು ಸರಿಮಾಡಿಕೊಂಡರು. ಆ ಕೆಮ್ಮು ನನಗೆ ಗುರುತು, ಅದನ್ನು ಕೇಳಿದರೆ ಈಗಲೂ ಕೈ ತಾನಾಗಿ ಸೆರಗಿಗೆ ಹೋಗುತ್ತದೆ. "ಆ..." ಅಂದರು. ಅಷ್ಟಕ್ಕೆ ಘಮ ಆರಿತು, ದೀಪ ಕೆಂಪಾಯಿತು.

ನಾವಿಬ್ಬರೂ ಓಡಿಹೋಗಿ ನೋಡಿದೆವು. ಅತ್ತೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡಿದ್ದರು.

"ನೋಡ್ದೆಯಾ?" ಎಂದರು ನಮ್ಮವರು. "ಒಂದು ಸ್ವರಕ್ಕೇ ಎಷ್ಟು ತನ್ಮಯ ಆಗ್ಬಿಟ್ಳು. ಪೂರ್ತಿ ತೋಡಿ ಕೇಳಿಸ್ಬೇಕು ವಾರಿಜಾ. ಹೇಗಾದ್ರೂ ಮಾಡಿ ಕೇಳಿಸ್ಬೇಕು."

ಮಾರನೆಯ ದಿನ ಡಾಕ್ಟರ ಮಾತನ್ನೂ ಮೀರಿ ಸ್ಟೌವನ್ನು ಕೋಣೆಯ ಬಾಗಿಲಿಗೇ ತಂದೆವು. ಎಣ್ಣೆ ಹೊಗೆಯಾಡಿದ್ದೇ ಅತ್ತೆಗೆ ಕೆಮ್ಮು ಹತ್ತಿಕೊಂಡಿತು. ಕೆಮ್ಮಿ ಕೆಮ್ಮಿ ಮುಖ ನೀಲಿಗಟ್ಟಿತು, ಉಸಿರು ಮೇಲಕ್ಕೆ ಹೋದದ್ದು ಕೆಳಗೆ ಬರಲಿಲ್ಲ. ನಾನು ಕಿಟಕಿ ಬಾಗಿಲು ತೆರೆದು, ಬೀಸಣಿಗೆ ಬೀಸಿ, ಬೆನ್ನು ನೀವಿದೆ. ಇವರು ಬಾಣಲೆ ಹಿಡಿದುಕೊಂಡು ಅಂಗಳದಲ್ಲಿ ಗುಬ್ಬಿಯ ಹಾಗೆ ಹಾರಾಡಿದರು. ಅವತ್ತು ಅತ್ತೆ ಎರಡು ಚಮಚ ಗಂಜಿಯನ್ನೂ ಮುಟ್ಟಲಿಲ್ಲ. ಅತ್ತೆಯನ್ನು ನಾನೇ ಕೊಂದೆ ಅನ್ನಿಸಿ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.

ಹಿತ್ತಲ ಗೋಡೆಯ ಆಚೆ ಚಿಕ್ಕತಾಯಮ್ಮನ ಮನೆ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ಈಗ ಮನೆಯಲ್ಲಿರುವ ಹೆಂಗಸು. ಗಟ್ಟಿ ಕೈ, ಅದಕ್ಕಿಂತ ಗಟ್ಟಿ ಬಾಯಿ. ಆಕೆಯ ಮನೆಯಲ್ಲಿ ನೆಟ್ಟಿಗೆ ಬರಗಾಲವೆಂಬುದೇ ಇಲ್ಲ. ದಿನಾ ಬೆಳ್ಳುಳ್ಳಿ, ವಾರದಲ್ಲಿ ಒಂದೆರಡು ದಿನ ಒಣಮೀನು. ಆದರೆ ಒಬ್ಬರ ಮನೆಯ ಒಲೆಯಲ್ಲಿ ಸಿಡಿದದ್ದು ಇನ್ನೊಬ್ಬರ ಮನೆಯ ಯಂತ್ರಕ್ಕೆ ಆಗಿಬರುವುದಿಲ್ಲ. ಇಲ್ಲದಿದ್ದರೆ ನಮ್ಮ ಬೀದಿಯ ಮಡಿವಂತರೆಲ್ಲ ಎಂದೋ ಆಕೆಯ ಗೋಡೆಗೆ ಕಿವಿ ಆನಿಸಿ ಕೂರುತ್ತಿದ್ದರು.

ಆಕೆ ಗೋಡೆಯ ಮೇಲಿಂದ ತಲೆ ಹಾಕಿದಳು. "ಯಾಕ್ ವಾರಿಜಮ್ಮ, ಕಲ್ ಮ್ಯಾಲ್ ಕುಂತ್ಕಂಡ್ ಅಳ್ತಿದೀರಿ? ಅಜ್ಜಮ್ಮಾರು ಉಸಾರಾಗವ್ರಾ?"

ಎಲ್ಲ ಹೇಳಿದೆ. ಪೆಟ್ಟಿಗೆ, ಸ್ಪೀಕರು, ತೋಡಿ, ಕೆಮ್ಮು, ಗಂಜಿ. ಆಕೆ ಕೇಳಿಸಿಕೊಂಡು ತುಟಿ ಕಚ್ಚಿದಳು. ನಗುವೋ ಮರುಕವೋ ಗೊತ್ತಾಗಲಿಲ್ಲ.

"ಒಗೆ ಬರ್ದೆ ಗಮ ಮಾತ್ರ ಓಗ್ಬೇಕು ಅಂದ್ರೆ ಒಂದೇ ದಾರಿ ಕಣ್ರವ್ವ. ಇತ್ಲಲ್ಲಿ ಒಲೆ ಇಟ್ಕಂಡು ಬೆಳ್ಳುಳ್ಳಿ ಒಗ್ರಣೆ ಆಕಿ. ಒಗೆ ಮ್ಯಾಕೋಯ್ತದೆ, ಗಮ ಮನೆ ಒಳಿಕೋಯ್ತದೆ. ಜೀವ್ಕಿಂತ ದೊಡ್ಡದಾ ಬೆಳ್ಳುಳ್ಳಿ?"

ಇದನ್ನು ನಮ್ಮವರಿಗೆ ಹೇಗೆ ಹೇಳುವುದು? ಹೇಳಿದೆ. ಅವರು ಕಿರುಚಿದರು. ಏಳು ತಲೆಮಾರು ಎಂದರು, ಅಪ್ಪನ ಆತ್ಮ ಎಂದರು, ಅಪ್ಪನ ಹಾಡನ್ನೇ ಬೆಳ್ಳುಳ್ಳಿಯ ಮೇಲೆ ಓಡಿಸಬೇಕೇನೆ ಎಂದರು. "ಇಡೀ ಜನ್ಮ ಈರುಳ್ಳಿ ಸಿಪ್ಪೆ ಹಾರಿಬಂದ್ರೂ ತಲೆಗೆ ನೀರು ಹಾಕ್ಕೊಂಡ ಹೆಂಗಸು ಅವಳು. ಕೊನೇಗಾಲದಲ್ಲಿ ಅವಳ ಮಡಿ ಕೆಡಿಸ್ಲಾ?" ಎಂದು ಕೇಳಿದರು. ಅವರು ಹೋಗಿ ಕೋಣೆಯ ಬಾಗಿಲಲ್ಲಿ ನಿಂತರು. ಅತ್ತೆಯ ಭುಜದ ಮೂಳೆ ಸೀರೆಯ ಒಳಗಿಂದ ಎದ್ದು ಕಾಣುತ್ತಿತ್ತು. ಬಹಳ ಹೊತ್ತು ನಿಂತೇ ಇದ್ದರು. ನನಗೆ ಅವರ ಮೇಲೆ ಅಷ್ಟು ಕನಿಕರ ಎಂದೂ ಬಂದಿರಲಿಲ್ಲ.

ಬೆಳಿಗ್ಗೆ ಕಾಫಿ ಕುಡಿಯುವಾಗ ಲೋಟದೊಳಕ್ಕೆ ನೋಡುತ್ತಾ ಹೇಳಿದರು: "ತಿನ್ನೋಕೆ ಮಾಡಿದ್ರೆ ಮೈಲಿಗೆ. ನಾವು ತಿನ್ನಲ್ವಲ್ಲ. ಇದು ಅಡುಗೆ ಅಲ್ಲ ವಾರಿಜಾ. ಟೆಕ್ನಾಲಜಿ."

"ಹೌದ್ರೀ" ಅಂದೆ. "ಟೆಕ್ನಾಲಜೀನೇ."

"ಅಡುಗೆಮನೆ ಪಾತ್ರೆ ಮುಟ್ಟಕೂಡದು."

"ಮುಟ್ಟಲ್ಲ."

"ಆಮೇಲೆ ಹಿತ್ತಲಿಗೆಲ್ಲ ಗೋಮಯ ಹಾಕಿ ಸಾರಿಸ್ಬೇಕು."

"ಸಾರಿಸ್ತೀನಿ. ನೀವು ಮೊದ್ಲು ಕಾಫಿ ಕುಡೀರಿ, ಆರ್ತಿದೆ."

ಹಿತ್ತಲಲ್ಲಿ ನಮ್ಮ ಹಳೆಯ ಸ್ಟೌ ಇಟ್ಟೆವು. ಒಲೆ ನಮ್ಮದಾಗಬೇಕಲ್ಲ. ಬಾಣಲೆ ಚಿಕ್ಕತಾಯಮ್ಮನದು. ಆಕೆ ಗೋಡೆ ಸುತ್ತಿ ಬರುವಾಗ ಸೊಂಟದ ಮೇಲೆ ಒಂದು ಪಾತ್ರೆಯನ್ನೂ ಇಟ್ಟುಕೊಂಡು ಬಂದಳು. ಮುಚ್ಚಳ ತೆಗೆದರೆ ಬಸ್ಸಾರು, ಕಾಳು ಸೊಪ್ಪು ಬೇಯಿಸಿ ಬಸಿದ ಕಟ್ಟಿನಲ್ಲಿ ಖಾರ ಅರೆದು ಕುದಿಸಿದ್ದು.

ಮೂಗಿಗೆ ಪಂಚೆಯ ತುದಿ ಕಟ್ಟಿಕೊಂಡು ದೂರ ನಿಂತಿದ್ದ ನಮ್ಮವರು, "ಅದ್ಯಾಕೆ?" ಎಂದು ಕೂಗಿದರು.

"ಒಗ್ರಣೆ ಯಾತಕ್ಕಾರ ಬೀಳ್ಬೇಕಲ್ವ್ರಾ ರಾಯ್ರೇ? ನೀರ್ಗೆ ಆಕಾನಾ?"

"ಆಮೇಲೆ ಅದನ್ನ ಯಾರು ತಿನ್ನೋರು?"

"ನಾನೇ ತಿಂತೀನಿ ಬುಡಿ, ನಿಮ್ಗ್ಯಾಕ್ ಆ ಚಿಂತೆ. ನೀವು ನಿಮ್ ಪೆಟ್ಗೆ ನೋಡ್ಕಳಿ."

ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಜಜ್ಜಿ ನನ್ನ ಕೈಗೆ ಕೊಟ್ಟಳು. "ಆಕಿ, ನಿಮ್ ಒಲೆಗೆ ನಿಮ್ ಕೈನಲ್ಲೇ ಆಕಿ" ಅಂದಳು. ಹಾಕಿದೆ. ಸಾಸಿವೆ ಸಿಡಿಯಿತು, ಬ್ಯಾಡಗಿ ಮೆಣಸಿನಕಾಯಿ ಉಬ್ಬಿತು, ಬೆಳ್ಳುಳ್ಳಿ ಮೊದಲು ಬೆಳ್ಳಗೆ, ಆಮೇಲೆ ಹೊಂಬಣ್ಣ, ಆಮೇಲೆ ಕೆಂಪಗೆ ತಿರುಗಿತು. ಅಯ್ಯೋ ನನ್ನಪ್ಪಾ, ಆ ವಾಸನೆ! ಇಷ್ಟು ವರ್ಷ ಗೋಡೆಯ ಆಚೆಯಿಂದ ಕದ್ದು ಕುಡಿದದ್ದು ಈಗ ನನ್ನ ಕೈಯ ಕೆಳಗಿಂದಲೇ ಏಳುತ್ತಿತ್ತು. ಬಾಯಲ್ಲಿ ನೀರೂರಿತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ಚಿಕ್ಕತಾಯಮ್ಮ ಬಸ್ಸಾರಿನ ಪಾತ್ರೆಯನ್ನು ಮುಂದೆ ತಳ್ಳಿದಳು, ನಾನು ಬಾಣಲೆ ಬಗ್ಗಿಸಿದೆ. ಚುಂಯ್ ಅಂತು.

ಮನೆಯಲ್ಲಿದ್ದ ಯಂತ್ರಗಳೆಲ್ಲ ಒಟ್ಟಿಗೆ ಎದ್ದವು. ಎಂದೋ ಕಳಿಸಿದ ಮೆಸೇಜುಗಳು ಟಣಟಣ ಎಂದು ಬಂದು ಬಿದ್ದವು. ನಮ್ಮವರು ಒಳಗೆ ಓಡಿದರು, ಹಿಂದೆಯೇ ನಾನು, ನನ್ನ ಹಿಂದೆ ಸೆರಗಿನಲ್ಲಿ ಕೈ ಒರೆಸುತ್ತಾ ಚಿಕ್ಕತಾಯಮ್ಮ. ಹಿಂದಿನ ಕೋಣೆಯಲ್ಲಿ ದೀಪ ಹಸಿರಾಗಿತ್ತು, ಮಿಟುಕುತ್ತಿರಲಿಲ್ಲ. ತಂಬೂರಿ ಎದ್ದಿತು. ಮಾವನವರು ಕೆಮ್ಮಿದರು. "ಆ..." ಅಂದರು. ನಿಲ್ಲಲಿಲ್ಲ. ತೋಡಿ ಬಿಚ್ಚಿಕೊಳ್ಳುತ್ತಾ ಹೋಯಿತು. ನಮ್ಮವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಮಗುವಿನ ಹಾಗೆ ಅಳತೊಡಗಿದರು.

ಅತ್ತೆ ಗೋಡೆಯ ಕಡೆಯಿಂದ ಈ ಕಡೆಗೆ ಹೊರಳಿದರು. ಎಷ್ಟೋ ದಿನದ ಮೇಲೆ ತಾವಾಗಿಯೇ ಹೊರಳಿದ್ದು. ಕಣ್ಣು ಬಿಟ್ಟರು. ಮೂಗು ಅರಳಿತು. ಒಂದು ಸಲ ಉಸಿರೆಳೆದುಕೊಂಡರು, ಇನ್ನೊಂದು ಸಲ ಎಳೆದುಕೊಂಡರು.

"ರಘೂ" ಎಂದರು.

"ಅಮ್ಮಾ! ಅಪ್ಪ ಹಾಡ್ತಿದಾರೆ, ಕೇಳಿಸ್ತಾ?"

"ಕೇಳಿಸ್ತಾ ಇದೆ. ಅದನ್ನ ನಿಲ್ಸು."

ನಮ್ಮವರಿಗೆ ಅರ್ಥವಾಗಲಿಲ್ಲ. "ಅಮ್ಮಾ, ತೋಡಿ..."

"ತೋಡೀನೇ, ನಂಗೊತ್ತು. ಈಗ ತಾನೆ ಶುರು ಮಾಡಿದಾರೆ, ಸದ್ಯಕ್ಕೆ ಮುಗಿಯಲ್ಲ. ಮದುವೆಯಾಗಿ ಬಂದಾಗಿಂದ ಇವರು ಹಾಡಿ ಮುಗಿಸ್ಲಿ, ಗಂಡಸರು ಎಲೆಯಿಂದ ಏಳ್ಲಿ ಅಂತ ಹಸಿದ ಹೊಟ್ಟೇಲಿ ಕಂಬಕ್ಕೊರಗಿ ಕಾದೂ ಕಾದೂ, ಆರಿದ ಅನ್ನ ತಣ್ಣನೆ ಸಾರು ತಿಂದಿದೀನಿ ಕಣೋ. ಒಂದು ದಿನ, ಒಂದೇ ಒಂದು ದಿನ ಬಿಸಿ ಅನ್ನ ಉಂಡಿದ್ದು ನೆನಪಿಲ್ಲ. ಈಗ್ಲೂ ಕಾಯ್ಬೇಕಾ?" ಇಷ್ಟು ಹೇಳುವುದರೊಳಗೆ ಅತ್ತೆಗೆ ಏದುಸಿರು ಬಂತು. ಸ್ವಲ್ಪ ಸುಧಾರಿಸಿಕೊಂಡು, ಮತ್ತೆ ಮೂಗೆತ್ತಿ, "ಅದೇನದು, ಹಿತ್ತಲಲ್ಲಿ ಘಂ ಅಂತಿದೆಯಲ್ಲ?" ಎಂದು ಕೇಳಿದರು.

ಯಾರೂ ಉಸಿರೆತ್ತಲಿಲ್ಲ. ಮಾವನವರು ಮಾತ್ರ ಹಾಡುತ್ತಲೇ ಇದ್ದರು.

ಕೊನೆಗೆ ಚಿಕ್ಕತಾಯಮ್ಮನೇ ಬಾಯಿಬಿಟ್ಟಳು. "ಬಸ್ಸಾರು ಅಜ್ಜಮ್ಮಾರೇ. ಬೆಳ್ಳುಳ್ಳಿ ಆಕಿರೋದು."

"ಬಿಸಿಯಾಗಿದೆಯೇನಮ್ಮ?"

"ಸುಡ್ತಾ ಅದೆ."

"ಹಾಗಾದ್ರೆ ಒಂಚೂರು ಅನ್ನಕ್ಕೆ ಹಾಕಿ ತರ್ಬಾರ್ದೇ? ನೋಡ್ತಾ ನಿಂತಿದೀರಲ್ಲ ಎಲ್ಲ!"

ನಾನು ಗಂಡನ ಮುಖ ನೋಡಿದೆ. ಅದರಲ್ಲಿ ಒಂದೊಂದಾಗಿ ಏನೇನೋ ಬಂದು ಹೋಯಿತು. ಏಳು ತಲೆಮಾರು ಬಂತು, ಮಡಿ ಬಂತು, ಅಟ್ಟದಿಂದ ಇಳಿಸಿ ಒರೆಸಿದ ಕ್ಯಾಸೆಟ್ಟುಗಳು ಬಂದವು. ಚಿಕ್ಕಂದಿನಲ್ಲಿ ಕಂಬಕ್ಕೊರಗಿ ಕೂತ ತಾಯಿಯನ್ನು ನೋಡಿ, ಹಾಡಿನಲ್ಲಿ ಮೈಮರೆತಿದ್ದಾಳೆ ಎಂದುಕೊಂಡ ಆ ಹುಡುಗನೂ ಬಂದಿರಬೇಕು. ಅವರು ಫೋನು ತೆಗೆದು ನಿಲ್ಲಿಸುವ ಗುಂಡಿ ಒತ್ತಿದರು. ಹಾಡು ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿದರು. ಇಷ್ಟು ದಿನ ಬಾ ಎಂದರೆ ಬಾರದ ಹಾಡು ಈಗ ಹೋಗು ಎಂದರೆ ಹೋಗಲೊಲ್ಲದು. ಮಾವನವರು ಮೇಲಿನ ಷಡ್ಜ ಹಿಡಿದು ಎಳೆಯುತ್ತಿದ್ದರು. ನಮ್ಮವರು ಬಗ್ಗಿ, ಎರಡೂ ಕೈಯಿಂದ ಸ್ಪೀಕರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತರು.

ಕೋಣೆ ನಿಶ್ಶಬ್ದವಾಯಿತು. "ಅಬ್ಬ" ಎಂದರು ಅತ್ತೆ.

ನಾನು ತಟ್ಟೆ ತಂದೆ. ಒಲೆಯಿಂದ ಆಗ ಇಳಿಸಿದ ಅನ್ನ, ಮೇಲೆ ಬಸ್ಸಾರು, ಹಬೆ ಏಳುತ್ತಿತ್ತು. ಅತ್ತೆಯನ್ನು ದಿಂಬಿಗೆ ಒರಗಿಸಿ ಕೂರಿಸಿದೆವು. ನಾನು ಕಲಸಲು ಹೋದರೆ ನಮ್ಮವರು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು. ಮೂಗಿಗೆ ಕಟ್ಟಿದ್ದ ಪಂಚೆಯ ತುದಿಯನ್ನು ಬಿಚ್ಚಿ, ಹಾಸಿಗೆಯ ಅಂಚಿಗೆ ಕೂತು, ಬರಿಗೈಯಿಂದ ಕಲಸಿದರು. ಬಿಸಿಗೆ ಬೆರಳು ಸುಟ್ಟು ಒಂದೆರಡು ಸಲ ಕೊಡವಿಕೊಂಡರು. "ಆರಿಸ್ಬೇಡ್ವೋ" ಎಂದರು ಅತ್ತೆ. ಹಾಗೆಯೇ ಬಿಸಿಬಿಸಿ ತುತ್ತು ಮಾಡಿ ಬಾಯಿಗಿಟ್ಟರು.

ಅತ್ತೆ ನಿಧಾನವಾಗಿ ಅಗಿದರು. ನಮ್ಮ ಮೂವರ ಉಸಿರೂ ಅವರ ಗಂಟಲಲ್ಲೇ ಇತ್ತು. ನುಂಗಿದರು. ಬಾಯಿ ತೆರೆದರು. ಎರಡನೆಯ ತುತ್ತು ಹೋಯಿತು. ಮೂರನೆಯದನ್ನು ಅಗಿಯುತ್ತಾ ಚಿಕ್ಕತಾಯಮ್ಮನ ಕಡೆ ತಿರುಗಿ, ಹಳೆಯ ಹುರಳೀಕಾಯಿಯ ಕಾಲದ ಅದೇ ಗಡಸು ದನಿಯಲ್ಲಿ, "ಉಪ್ಪು ಒಂದು ಕಲ್ಲು ಕಮ್ಮಿಯಾಗಿದೆ" ಎಂದರು.

ನಮ್ಮವರು ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಅಳುತ್ತಲೇ ಎದ್ದು, ಉಪ್ಪು ತರಲು ಓಡಿದರು.